‘ಗೊತ್ತಿರಲಿಲ್ಲ’ ಅನ್ನೋ ಮಾತು ಯಾರಿಗೆ ಸಲ್ಲುತ್ತೆ?

ಬಡವ ವಿಷ ಕುಡಿದು ಸತ್ತರೆ ಈ ವ್ಯವಸ್ಥೆ ಅದಕ್ಕೆ ಇಟ್ಟಿರುವ ಹೆಸರು ‘ದುರಂತ’. ಸಿಡಿಲು ಬಡಿದಂತೆ, ನೆರೆ ಬಂದಂತೆ! ಸಿಡಿಲಿಗೆ ಆರೋಪಿ ಇಲ್ಲ. ವಿಷ ಬೆರೆಸಿದ ಕೈಗೆ ಹೆಸರಿದೆ, ವಿಳಾಸ ಇದೆ, ಲಾಭದ ಲೆಕ್ಕ ಇದೆ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಗ್ಗದ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇನಲ್ಲಿ, ವಿಧಾನಸಭೆಗೆ ಓಟು ನಡೀತಿದ್ದ ಹೊತ್ತಲ್ಲೇ, ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಸೀಮೆಯಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಮೂರೂ ಕಡೆ ಕೊಂದದ್ದು ಒಂದೇ ವಸ್ತು: ಮೆಥನಾಲ್. ಬಣ್ಣಕ್ಕೆ, ವಾರ್ನಿಷಿಗೆ, ಕಾರ್ಖಾನೆಗೆ ಹೋಗಬೇಕಾದ ದ್ರವ. ಹೊಟ್ಟೆಗೆ ಹೋದರೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ಕಿತ್ತುಕೊಳ್ಳುತ್ತೆ, ಆಮೇಲೆ ಉಸಿರು.

‘ಕುಡಿಯೋದು ಅವನದೇ ತಪ್ಪು’ ಅನ್ನುವ ಮಹನೀಯರು ಸಿರಿಗೆರೆಯಿಂದ ಬೆಂಗಳೂರಿನ ತನಕ ಎಲ್ಲ ಜಗಲಿಗಳ ಮೇಲೂ ಕೂತಿದ್ದಾರೆ. ಅವರಿಗೆ ನಮ್ಮ ಪ್ರಶ್ನೆ ಇಷ್ಟೇ. ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಹೆಚ್ಚು ಎಣಿಸಿಕೊಳ್ಳುವ ಸರ್ಕಾರದ್ದು ಯಾವ ತಪ್ಪು? ಕುಡಿತ ಕೇರಿಯ ಸಂಸಾರ ಹಾಳು ಮಾಡಿದೆ, ನಿಜ. ಅದರ ವಿರುದ್ಧ ನಮ್ಮ ಹೆಂಗಸರು ಬೀದಿಗಿಳಿದಿದ್ದಾರೆ, ಇಳೀತಾರೆ. ಆದರೆ ಕುಡಿದವನು ಕುಡಿತ ಕೇಳಿದ್ದ, ಸಾವು ಕೇಳಿರಲಿಲ್ಲ.

ಈಗ ಕಾನೂನಿಗೆ ಬನ್ನಿ. ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದನ್ನ ಚೆನ್ನಾಗಿ ತಿಳ್ಕೋಬೇಕು. ಸಾವಾದಾಗ ಕೋರ್ಟು ಕೇಳುವ ಪ್ರಶ್ನೆ: ಇದರಿಂದ ಸಾವು ಬರಬಹುದು ಅಂತ ಆರೋಪಿಗೆ ಗೊತ್ತಿತ್ತೆ? ಗೊತ್ತಿರಲಿಲ್ಲ, ಬರೀ ಅಜಾಗರೂಕತೆ ಅಂದರೆ ಹಳೆಯ ದಂಡಸಂಹಿತೆಯ 304ಎ ಪ್ರಕಾರ ಹೆಚ್ಚೆಂದರೆ 2 ವರ್ಷ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ರಲ್ಲಿ 5 ವರ್ಷ. ಗೊತ್ತಿತ್ತು ಅಂತಾದರೆ 105ನೇ ಕಲಂ: 10 ವರ್ಷದ ತನಕ. ಕೊಲ್ಲುವ ಉದ್ದೇಶವೇ ಇತ್ತು ಅಂದರೆ ಇನ್ನೂ ಮೇಲೆ. ಅಂದರೆ ನೂರು ಹೆಣಗಳ ತೂಕ ನಿಂತಿರೋದು ‘ಗೊತ್ತಿರಲಿಲ್ಲ ಸ್ವಾಮಿ’ ಅನ್ನುವ ಒಂದು ಮಾತಿನ ಮೇಲೆ.

ಇದೇ ಕಾನೂನು ಇನ್ನೊಂದು ಕಡೆ ಹೇಗೆ ಮಾತಾಡುತ್ತೆ ನೋಡಿ. 1985ರ ಮಾದಕವಸ್ತು ಕಾಯ್ದೆಯಲ್ಲಿ 35ನೇ ಕಲಂ ಇದೆ. ಗಾಂಜಾ ಮೂಟೆ ನಿನ್ನ ವಶದಲ್ಲಿತ್ತು ಅಂತಾದರೆ ನಿನಗೆ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸುತ್ತೆ. ‘ಗೊತ್ತಿರಲಿಲ್ಲ’ ಅನ್ನೋದನ್ನ ಆರೋಪಿಯೇ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. 20 ಕಿಲೋ ದಾಟಿದರೆ ಕಡಿಮೆ ಅಂದರೂ 10 ವರ್ಷ. ಮೆಕ್ಕೆಜೋಳದ ಸಾಲಿನ ನಡುವೆ ಧಣಿ ಹಾಕಿಸಿದ ಗಿಡಕ್ಕೆ ನೀರು ಬಿಟ್ಟ ಕೂಲಿಯವನು, ಬಾಡಿಗೆಗೆ ಮೂಟೆ ಹೊತ್ತ ಹುಡುಗ ಸಿಕ್ಕಿಬಿದ್ದರೆ ಅವನ ‘ಗೊತ್ತಿರಲಿಲ್ಲ’ಕ್ಕೆ ಕಿವಿ ಇಲ್ಲ. ಮೆಥನಾಲ್ ಟ್ಯಾಂಕರಿನ ಸಾಹುಕಾರನ ‘ಗೊತ್ತಿರಲಿಲ್ಲ’ಕ್ಕೆ ಮಾತ್ರ ದೊಡ್ಡ ವಕೀಲರಿದ್ದಾರೆ!

ಆ ಕಾಯ್ದೆಯಾದರೂ ಸಾವನ್ನು ಲೆಕ್ಕಕ್ಕೆ ತಗೊಳುತ್ತಾ? ಇಲ್ಲ. ಅದು ಗ್ರಾಮು ತೂಗುತ್ತೆ. ಹೆರಾಯಿನ್ 5 ಗ್ರಾಮಿನ ಒಳಗಿದ್ದರೆ ‘ಸಣ್ಣ ಪ್ರಮಾಣ’, ಹೆಚ್ಚೆಂದರೆ 1 ವರ್ಷ. ಅದೇ ಪೊಟ್ಟಣ ಒಬ್ಬ ಹುಡುಗನ ಉಸಿರು ನಿಲ್ಲಿಸಿದ್ದರೂ ಆ ಕಾಯ್ದೆಯ ತಕ್ಕಡಿ ಅಲ್ಲಾಡೋದಿಲ್ಲ. ಸಾವಿಗೆ ಉತ್ತರ ಬೇಕಾದರೆ ಮತ್ತೆ ನ್ಯಾಯ ಸಂಹಿತೆಗೇ ಬರಬೇಕು. ಮತ್ತೆ ಅದೇ ‘ಗೊತ್ತಿತ್ತೆ?’

ನಾವು ಹೇಳೋದು: ಗೊತ್ತಿತ್ತು. 1981ರ ಹೆಣಗಳ ನಂತರ ಈ ನಾಡಿನಲ್ಲಿ ಮದ್ಯಕ್ಕೆ ಮೆಥನಾಲ್ ಬೆರೆಸುವ ಯಾವನೂ ‘ಗೊತ್ತಿರಲಿಲ್ಲ’ ಅನ್ನೋ ಹಕ್ಕು ಉಳಿಸಿಕೊಂಡಿಲ್ಲ. ಇದೇನು ಆಗದ ಹೋಗದ ಮಾತಲ್ಲ. 1982ರಲ್ಲಿ ಕೇರಳದ ವೈಪಿನ್‌ನಲ್ಲಿ ವಿಷಮದ್ಯ ಜನರನ್ನು ಕೊಂದ ಮೇಲೆ ಆ ರಾಜ್ಯ ತನ್ನ ಅಬಕಾರಿ ಕಾಯ್ದೆಗೆ 57ಎ ಕಲಂ ಸೇರಿಸಿತು. ವಿಷ ಬೆರೆಸಿಲ್ಲ, ಬೇಕಾದ ಎಚ್ಚರ ವಹಿಸಿದ್ದೆ ಅಂತ ತೋರಿಸುವ ಹೊರೆ ಆರೋಪಿಯ ತಲೆ ಮೇಲೆ ಬಿತ್ತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2000ದ ಕಲ್ಲುವಾತುಕ್ಕಲ್ ಸಾವುಗಳಲ್ಲಿ ದಂಧೆಯ ಮುಖ್ಯಸ್ಥನಿಗೆ ಜೀವಾವಧಿ ಶಿಕ್ಷೆ ಆಯಿತು, 2011ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದು ನಿಂತಿತು. ಮನಸ್ಸಿದ್ದರೆ ಮೇಲಿನ ಕೈ ಸಿಗುತ್ತೆ.

ಆದರೆ ಈ ಹೊರೆ ಯಾರ ತಲೆಗೆ ಅನ್ನೋದರಲ್ಲಿ ಎಚ್ಚರ ಬೇಕು. ಗುಡಿಸಲ ಮುಂದೆ ಪೊಟ್ಟಣ ಮಾರುವ ವಿಧವೆಯನ್ನು ಒಳಗೆ ಹಾಕಿ ಕಡತ ಮುಚ್ಚೋದು ನ್ಯಾಯ ಅಲ್ಲ. ಅವಳು ಸಾಕ್ಷಿಯಾಗಲಿ. ಅವಳಿಂದ ತಂದುಕೊಟ್ಟವನಿಗೆ, ಅವನಿಂದ ಬೆರೆಸಿದವನಿಗೆ, ಅವನಿಂದ ಮೆಥನಾಲ್ ದಾಟಿಸಿದ ಗೋದಾಮಿಗೆ, ಕಣ್ಣು ಮುಚ್ಚಿಕೊಂಡ ಅಧಿಕಾರಿಗೆ ತನಿಖೆ ಏರಬೇಕು. ಲಾಭ ಹೋದ ದಾರಿಯಲ್ಲೇ ಆರೋಪ ಹೋಗಲಿ.

ಗೆಳೆಯರೇ, ಹಳ್ಳಿಯಲ್ಲಿ ಇಂಥ ಸಾವಾದರೆ ತರಾತುರಿಯಲ್ಲಿ ಮಣ್ಣು ಮಾಡಲು ಬಿಡಬೇಡಿ. ಮರಣೋತ್ತರ ಪರೀಕ್ಷೆಗೆ ಪಟ್ಟು ಹಿಡೀರಿ. ದೂರಿನಲ್ಲಿ ಅಜಾಗರೂಕತೆ ಅಂತ ಮಾತ್ರ ಬರೆದರೆ 105, ವಿಷ ಉಣಿಸಿದ್ದಕ್ಕೆ 123 ಯಾಕಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ. ಕುಡಿದವನು ಕಣ್ಣು ಮಂಜು ಅಂದರೆ ಕೇಸಿಗೆ ಹೆದರಿ ಮನೇಲಿ ಮಲಗಿಸಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ಮೆಥನಾಲಿಗೆ ಚಿಕಿತ್ಸೆ ಇದೆ, ಹೊತ್ತು ಮೀರಬಾರದು ಅಷ್ಟೆ. ಮಾದಕವಸ್ತುವಿನ ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆ, ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಪಡೆಯಲು 64ಎ ಕಲಂ ಇದೆ, ಅದನ್ನೂ ಹುಡುಗರಿಗೆ ಹೇಳಿ.

ಸತ್ತವನ ಮನೆಗೆ ಪರಿಹಾರದ ಚೆಕ್ಕು ಬರುತ್ತೆ. ಬರಲಿ, ಅದು ಅವಳ ಹಕ್ಕು. ಆದರೆ ಚೆಕ್ಕಿನ ಜೊತೆ ಆರೋಪಪಟ್ಟಿಯ ಪ್ರತಿಯನ್ನೂ ಕೇಳೋಣ. ಅದರಲ್ಲಿ ಯಾರ ಹೆಸರಿದೆ, ಯಾರ ಹೆಸರಿಲ್ಲ ಅಂತ ಕೇರಿಯ ನಡುವೆ ನಿಂತು ಗಟ್ಟಿಯಾಗಿ ಓದೋಣ.