ಕಡಲು ಸರಿ, ಯಾವ ಕಡಲು?
ಕೆಜಿಎಫ್‌ನ ಆಂಡರ್ಸನ್‌ಪೇಟೆಯವರಿಗೆ ಊರು ಬಿಡುವುದು ಹೊಸದಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿದ್ದ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದೇ ಎಷ್ಟೋ ಮನೆಗಳ ಬದುಕಾಯಿತು. ಆ ಓಡಾಟ, ಆ ನಗರ ಸಾಕಾಗಿ ಕಡಲ ತಡಿಗೆ ಹೊರಡುವವರು ನೋಟಕ್ಕೆ ಮರುಳಾಗದೆ ಮೊದಲು ಆಸ್ಪತ್ರೆಯ ದೂರ ಅಳೆಯಲಿ. ಕುಮಟಾ, ಕಾರವಾರದ ಕಡೆ ಜನಸಂದಣಿ ಕಡಿಮೆ, ನಿಜ. ಆದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು ವರ್ಷಗಟ್ಟಲೆ ಕೂಗಿದ್ದಾರೆ. ಗಂಭೀರ ರೋಗಿಯ ಆಂಬುಲೆನ್ಸ್ ಮಣಿಪಾಲ, ಮಂಗಳೂರು ಇಲ್ಲವೇ ಗೋವಾದತ್ತ ಓಡಬೇಕು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ಮುಚ್ಚಿತ್ತು. ಚೆನ್ನೈ ಹತ್ತಿರ, ಮನೆಮಾತಿನ ತಮಿಳೂ ಒದಗುತ್ತದೆ ಎನ್ನಬಹುದು. ಗಣಿಯೂರಿನವರಿಗೆ ಇದು ಸಣ್ಣ ಮಾತಲ್ಲ. ಆದರೂ ಅದು ನಗರ ಬಿಟ್ಟು ಇನ್ನೊಂದು ನಗರ ಹೊಕ್ಕಂತೆ, 2015ರ ನೆರೆ ಬೇರೆ. ಮಣಿಪಾಲದ ಆಸ್ಪತ್ರೆ ಪಕ್ಕದಲ್ಲೇ ಇರುವ ಉಡುಪಿಯ ಆಸುಪಾಸೇ ವಾಸಿ, ಅದೂ ಮರಳ ದಂಡೆಯ ಮೇಲಲ್ಲ, ಎರಡು ಮೂರು ಕಿಲೋಮೀಟರ್ ಒಳಗೆ. ಬಯಲುಸೀಮೆಯ ಒಣಹವೆಗೆ ಒಗ್ಗಿದ ಮೈಗೆ ಅಲ್ಲಿನ ಮಳೆಗಾಲ ಸಲೀಸಲ್ಲ: ಬೀರುವಿನ ರೇಷ್ಮೆ ಸೀರೆಗೆ ಬೂಷ್ಟು, ಗೇಟಿನ ಕೊಂಡಿಗೆ ತುಕ್ಕು, ವಾರವಾದರೂ ಒಣಗದ ಟವೆಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಮನೆಯಲ್ಲಿ ಕಳೆದು, ಆಮೇಲೆ ಜಾಗಕ್ಕೆ ಮುಂಗಡ ಕೊಡಬಹುದು.