ಮಗುವಿನ ಜತೆ ಕಲಿತ ತಾಯಿಗೆ ಕೆಲಸವೂ ಸಿಗಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಹತ್ತಿ ಬಿಡಿಸಿ, ಕಡಲೆ ಕಿತ್ತು ಮನೆ ಸೇರುವ ತಾಯಿ ರೊಟ್ಟಿ ಬಡಿಯುತ್ತಲೇ ಮಗುವಿನ ಪಾಠ ಕೇಳುತ್ತಾಳೆ. ‘ಅವ್ವಾ, ಇದೇನೈತಿ ಓದಿ ಹೇಳ’ ಎಂದು ಮಗು ನಲಿ-ಕಲಿ ಕಾರ್ಡು ಮುಂದೆ ಹಿಡಿದಾಗ, ಏಳನೇ ಇಯತ್ತೆಗೇ ಸಾಲಿ ಬಿಟ್ಟವಳು ಮತ್ತೆ ಅಕ್ಷರ ಕೂಡಿಸತೊಡಗುತ್ತಾಳೆ. ವಯಸ್ಕರ ತರಗತಿಗೆ ಹೋಗಲು ನಾಚುವವರೂ ಮಗುವಿಗಾಗಿ ಪುಸ್ತಕ ಹಿಡಿಯಲು ಹಿಂಜರಿಯುವುದಿಲ್ಲ. ಪಾಲಕರನ್ನು ಮಕ್ಕಳೊಂದಿಗೆ ಕೂರಿಸಿ ಕಲಿಸುವ ಕೋರ್ಸುಗಳ ಬಲ ಇದೇ. ಆದರೆ ಆ ಕಲಿಕೆಯ ಫಲ ಮಗುವಿನ ಅಂಕಪಟ್ಟಿಯಲ್ಲೇ ಮುಗಿಯಬಾರದು. ಕಲಿತವಳ ದುಡಿಮೆಗೂ ಅದು ದಾರಿಯಾಗಬೇಕು.

ದಾರಿಯ ತುಣುಕುಗಳು ನಮ್ಮಲ್ಲಿ ಆಗಲೇ ಇವೆ. 2001ರಲ್ಲಿ ರಾಜ್ಯವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಮೂಲಕ ಪಾಲಕರನ್ನು ಶಾಲೆಯ ಆಡಳಿತಕ್ಕೆ ಕರೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದಿತು. ಅಲ್ಲಿ ಠರಾವು ಓದಿ ಸಹಿ ಹಾಕುವ, ಖರ್ಚಿನ ಲೆಕ್ಕ ಕೇಳುವ, ಅಧಿಕಾರಿಯೆದುರು ಮಾತಾಡುವ ಹೆಣ್ಣುಮಗಳು ಕಚೇರಿ ಕೆಲಸದ ಪಾಠವನ್ನೇ ಕಲಿಯುತ್ತಿರುತ್ತಾಳೆ. ಅದಕ್ಕೆ ಪ್ರಮಾಣಪತ್ರವಿಲ್ಲ, ಅಷ್ಟೇ. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಯೋಜನೆ ಒಂದು ಹೆಜ್ಜೆ ಮುಂದೆ ಹೋಯಿತು: ನರೇಗಾ ಜಾಬ್‌ಕಾರ್ಡ್ ಇದ್ದ ಮಹಿಳೆಯರಿಗೇ ತರಬೇತಿ ಕೊಟ್ಟು ಮಕ್ಕಳ ಆರೈಕೆಗೆ ನೇಮಿಸಿತು.

ತೊಡಕು ಇರುವುದು ಮುಂದಿನ ಮೆಟ್ಟಿಲಲ್ಲಿ. ಅಂಗನವಾಡಿ ಸಹಾಯಕಿಗೆ ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆಗೆ ಪಿಯುಸಿ ಆಗಿರಬೇಕು; ವಯಸ್ಸು ಸಾಮಾನ್ಯವಾಗಿ 35 ಮೀರಿರಬಾರದು. ಮದುವೆಗಾಗಿ ಓದು ಬಿಟ್ಟವಳು ಮಗುವನ್ನು ಶಾಲೆಗೆ ಸೇರಿಸಿ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ, ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಪಾಸಾಗುವಷ್ಟರಲ್ಲಿ ಆ ಗಡಿ ಹತ್ತಿರ ಬಂದಿರುತ್ತದೆ. ಮಗುವಿನಿಂದಾಗಿ ಓದಿಗೆ ಮರಳಿದವಳನ್ನು ವಯಸ್ಸಿನ ಕಾರಣಕ್ಕೆ ಹೊರಗಿಡುವುದು ಅನ್ಯಾಯ. ಐದು ವರ್ಷ ದುಡಿದ, ಓದಿನ ಅರ್ಹತೆಯೂ ಇರುವ ಸಹಾಯಕಿಯರಿಗೆ ಅರ್ಧದಷ್ಟು ಕಾರ್ಯಕರ್ತೆ ಹುದ್ದೆಗಳನ್ನು ಬಡ್ತಿಯಿಂದ ಕೊಡಬೇಕೆಂದು ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ. ಅನುಭವಕ್ಕೆ ಬೆಲೆ ಕಟ್ಟುವ ಈ ನ್ಯಾಯ ಉಳಿದ ಕಡೆಗೂ ಬರಲಿ.

ಕಲಿಕೆಯನ್ನು ನೌಕರಿಯಿಂದ ಅಳೆಯಬಾರದು ಎನ್ನುವವರಿದ್ದಾರೆ. ಓದಿನ ಸುಖ ನೌಕರಿಗಿಂತ ದೊಡ್ಡದೆಂಬುದು ನಿಜವೇ. ಆದರೆ ದಿನವಿಡೀ ಬಿಸಿಲಲ್ಲಿ ದುಡಿದವಳಿಂದ ಸಂಜೆಯ ವಿಶ್ರಾಂತಿಯನ್ನು ಕೇಳುವಾಗ, ಅದರಿಂದ ಅವಳಿಗೇನು ಸಿಗುತ್ತದೆಂದು ಹೇಳುವ ಹೊಣೆ ಕೇಳುವವರದು. ಕೆಲಸ ಸಿಕ್ಕರೂ ತೊಡಕು ಮುಗಿಯದು: ಅಂಗನವಾಡಿಯವರಿಗೂ ಬಿಸಿಯೂಟದ ಅಡುಗೆಯವರಿಗೂ ಇಂದಿಗೂ ಸಿಗುತ್ತಿರುವುದು ಗೌರವಧನ ಮಾತ್ರ. ಇಂಥ ಕೆಲಸವನ್ನು ವೃತ್ತಿಯೆಂದು ನಂಬಿ ಬದುಕು ಕಟ್ಟುವುದು ಕಷ್ಟ.

ಹಾಗಾಗಿ ಪಾಲಕರ ತರಗತಿಗಳು ಸುಗ್ಗಿ ಮುಗಿದ ಮೇಲೆ, ಊರಿನ ಗ್ರಂಥಾಲಯದಲ್ಲೇ ನಡೆಯಲಿ. ಅಪ್ಪಂದಿರೂ ಬಂದು ಕೂರಲಿ. ಎಸ್ಸೆಸ್ಸೆಲ್ಸಿ ಕಟ್ಟುವವರೆಗೆ ಜತೆಗಿದ್ದು ನಡೆಸುವ ಹೊಣೆಯನ್ನು ಶಾಲೆ ಹೊರಲಿ. ಹಾಗೆ ಓದಿದ ಒಬ್ಬಾಕೆಗೆ ಅದೇ ಊರಲ್ಲಿ ಸಂಬಳದ ಕೆಲಸ ಸಿಕ್ಕರೆ, ಓಣಿಯ ಉಳಿದ ತಾಯಂದಿರನ್ನು ತರಗತಿಗೆ ಕರೆತರಲು ಬೇರೆ ಪ್ರಚಾರ ಬೇಕಾಗುವುದಿಲ್ಲ.