ದುಡ್ಡು ಯಾವ ಡಬ್ಬದೊಳಗದೆ?

2025ರ ಜನವರಿಯ ಒಂದು ಶನಿವಾರ ಬೆಳಗಿನ ತರಗತಿ ಮುಗಿಸಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ನಮ್ಮ ತಿರುಮಕೂಡಲು ಸಂಗಮದಲ್ಲಿ ಫೆಬ್ರವರಿಯ ಕುಂಭಮೇಳಕ್ಕೆ ಆಗಲೇ ಸಿದ್ಧತೆ ನಡೆದಿತ್ತು. ನಾನು ಹೊರಟದ್ದು ಮಾತ್ರ ಬೇರೆ ಮೇಳಕ್ಕೆ. ಮೈಸೂರಿನ ಸಭಾಂಗಣವೊಂದರಲ್ಲಿ ಚುನಾವಣೆ, ಅಧಿಕಾರ ವಿಕೇಂದ್ರೀಕರಣ ಮತ್ತು ಸಂವಿಧಾನ ತಿದ್ದುಪಡಿಯ ಬಗ್ಗೆ ವಿಶ್ವವಿದ್ಯಾನಿಲಯದ ವಿದ್ವಾಂಸರೊಬ್ಬರ ಉಪನ್ಯಾಸವಿತ್ತು. ಆಹ್ವಾನಪತ್ರಿಕೆಯ ಕೆಳಗೆ 'ಸಾರ್ವಜನಿಕರಿಗೆ ಮುಕ್ತ ಪ್ರವೇಶ' ಎಂದು ಅಚ್ಚಾಗಿತ್ತು. ವಿಜ್ಞಾನದ ಮೇಷ್ಟ್ರಿಗೆ ರಾಜ್ಯಶಾಸ್ತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯಲ್ಲಿ ಕೂರುವವನು ನಾನೇ ತಾನೆ? ಅಡುಗೆಯವನಿಗೂ ಒಮ್ಮೊಮ್ಮೆ ಎಲೆಯ ಮುಂದೆ ಕೂರುವ ಆಸೆಯಾಗುತ್ತದೆ.

ನನ್ನ ಜೊತೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ತಲಕಾಡಿನ ಕಡೆಯ ಹಳ್ಳಿಯವಳು. 2020ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಗ್ರಾಮ ಪಂಚಾಯಿತಿಯ ಸದಸ್ಯೆಯಾದವಳು. ಎಂಟನೇ ತರಗತಿಯಲ್ಲಿದ್ದಾಗ 'ಹಣ್ಣು ಬೀಳುತ್ತೆ, ಚಂದ್ರ ಯಾಕೆ ಬೀಳಲ್ಲ ಸಾ?' ಎಂದು ಕೇಳಿ ನನಗೆ ಒಂದಿಡೀ ಪೀರಿಯಡ್ ಬೆವರಿಳಿಸಿದ್ದಳು. ಅಂಥವಳಿಗೆ ಉಪನ್ಯಾಸ ರುಚಿಸೀತು ಎಂದು ನಾನೇ ಕರೆದಿದ್ದೆ.

ಭಾಷಣಕಾರರ ಬಗ್ಗೆ ನನ್ನದೇನೂ ತಕರಾರಿಲ್ಲ. ಓದಿಕೊಂಡಿದ್ದರು, ತಿಳಿಯಾಗಿ ಹೇಳಿದರು. ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸುವ ಸಂವಿಧಾನ ತಿದ್ದುಪಡಿ ಮಸೂದೆ 2024ರ ಡಿಸೆಂಬರಿನಲ್ಲಷ್ಟೇ ಲೋಕಸಭೆಯಲ್ಲಿ ಮಂಡನೆಯಾಗಿತ್ತು. ಅದರ ಪರ, ವಿರೋಧ ಎರಡನ್ನೂ ತೂಗಿ ನೋಡಿದರು. ಆದರೆ ಪ್ರಾರ್ಥನೆ, ಸ್ವಾಗತ, ಪರಿಚಯ, ಸನ್ಮಾನ, ಅಧ್ಯಕ್ಷರ ನುಡಿ ಎಲ್ಲ ಸೇರಿ ಉಪನ್ಯಾಸಕ್ಕಿಂತ ಉದ್ದವಾದವು. ಕೊನೆಗೆ ನಿರೂಪಕರು ಗಡಿಯಾರ ನೋಡಿ, ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ ಎಂದು ಪ್ರಕಟಿಸಿದರು. ವಂದನಾರ್ಪಣೆಗೆ ಮಾತ್ರ ಸಮಯದ ಅಭಾವ ಇರಲಿಲ್ಲ. ನನ್ನ ಪಕ್ಕದಲ್ಲಿ ಅರ್ಧ ಎದ್ದಿದ್ದ ಕೈ ಮೆಲ್ಲನೆ ಸೆರಗಿನೊಳಕ್ಕೆ ಹೋಯಿತು.

ವಾಪಸು ಬರುವಾಗ ವರುಣ ದಾಟುವವರೆಗೂ ಅವಳು ಮಾತನಾಡಲಿಲ್ಲ. ಆಮೇಲೆ ಕೇಳಿದಳು:

'ಅಲ್ಲ ಸಾ, ದೇಶಕ್ಕೆಲ್ಲ ಒಂದೇ ಚುನಾವಣೆ ಅಂದ್ರಲ್ಲ. ನಮ್ಮ ತಾಲ್ಲೂಕು ಪಂಚಾಯ್ತಿಗೆ ಒಂದೂ ಚುನಾವಣೆ ಇಲ್ವಲ್ಲ? ಅದನ್ನ ಕೇಳೋಣ ಅಂತಿದ್ದೆ.'

ಚಂದ್ರನ ಪ್ರಶ್ನೆಗಾದರೂ ನ್ಯೂಟನ್ ಕೈ ಹಿಡಿದಿದ್ದ. ಇದಕ್ಕೆ ಬಸ್ಸಿನಲ್ಲಿ ಕೂತು ಏನು ಹೇಳಲಿ? ಸುಮ್ಮನಾದೆ. ಆದರೆ ಆ ಪ್ರಶ್ನೆಯ ಹಿಂದೆಯೇ ನನಗೆ ಇನ್ನೊಂದು ಪ್ರಶ್ನೆ ನೆನಪಾಯಿತು. ಅದನ್ನು ಕೇಳಿ ಮೂವತ್ತೆಂಟು ವರ್ಷವಾಗಿತ್ತು.

ಆಗ ನಾನು ಪಿ.ಯು.ಸಿ. ವಿದ್ಯಾರ್ಥಿ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಮೊಟ್ಟಮೊದಲ ಚುನಾವಣೆ ನಡೆಯಿತಲ್ಲ, ಅದಕ್ಕೆ ಸ್ವಲ್ಪ ಮುಂಚೆ. ರಾಜ್ಯಶಾಸ್ತ್ರದ ಮೇಷ್ಟ್ರೊಬ್ಬರು ಮೈಸೂರಿನಿಂದ ಬಂದು ನಮ್ಮ ಕಡೆಯ ಒಂದು ಶಾಲೆಯ ಅಂಗಳದಲ್ಲಿ ಮಾತನಾಡಿದ್ದರು. ಸನ್ಮಾನವಿಲ್ಲ, ಹಾರವಿಲ್ಲ. ತರಗತಿಯಿಂದ ಹೊರಗೆ ತಂದು ನಿಲ್ಲಿಸಿದ ಒಂದು ಕಪ್ಪುಹಲಗೆ, ನಾಲ್ಕು ತುಂಡು ಸೀಮೆಸುಣ್ಣ, ಗದ್ದೆಯಿಂದ ನೇರ ಬಂದು ಕೂತಿದ್ದ ಮೂವತ್ತು ನಲವತ್ತು ಜನ. ಮೇಷ್ಟ್ರು ಹಲಗೆಯ ಮೇಲೆ ಒಂದರ ಕೆಳಗೊಂದು ಮೂರು ಡಬ್ಬ ಬರೆದರು. ಮೇಲಿನದು ಜಿಲ್ಲಾ ಪರಿಷತ್ತು, ನಡುವಿನದು ತಾಲ್ಲೂಕು ಪಂಚಾಯಿತಿ ಸಮಿತಿ, ಕೆಳಗಿನದು ಮಂಡಲ ಪಂಚಾಯಿತಿ. ಬಾಣದ ಗುರುತು ಹಾಕಿ ಅಧಿಕಾರ ಹೇಗೆ ಕೆಳಗಿಳಿಯುತ್ತದೆ ಎಂದು ವಿವರಿಸುತ್ತಿದ್ದರು. ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಮುದುಕಪ್ಪ ಬೀಡಿ ಆರಿಸಿ ಎದ್ದು ನಿಂತ.

'ಎಲ್ಲಾ ಸರಿ ಸ್ವಾಮಿ. ದುಡ್ಡು ಯಾವ ಡಬ್ಬದೊಳಗದೆ?'

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಒಂದು ಗಳಿಗೆ ಸುಮ್ಮನೆ ನಿಂತು, ತಂದಿದ್ದ ಟಿಪ್ಪಣಿಯ ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮುಂದಿನ ಮುಕ್ಕಾಲು ಗಂಟೆ ಆ ಒಂದು ಪ್ರಶ್ನೆಗೇ ಉತ್ತರ ಹೇಳಿದರು. ಹೆಚ್ಚಿನ ಪಾಲು ಮೇಲಿನ ಡಬ್ಬದಲ್ಲಿದೆ, ಮಂಡಲಕ್ಕೆ ತಲೆಗಿಷ್ಟು ಎಂದು ಅನುದಾನ ಬರುತ್ತದೆ, ಅದು ಬಂತೋ ಇಲ್ಲವೋ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ, ಹೀಗೆ. ನಾನು ವಿಕೇಂದ್ರೀಕರಣ ಎಂಬ ಪದದ ಅರ್ಥ ಕಲಿತದ್ದು ಅಂದು. ಕಲಿಸಿದ್ದು ಮೇಷ್ಟ್ರೋ ಮುದುಕಪ್ಪನೋ ಎಂದು ಇಂದಿಗೂ ನಿಶ್ಚಯಿಸಲಾರೆ.

ಇಂಥ ಉಪನ್ಯಾಸ ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡಿಸುವ ಪದ್ಧತಿಯನ್ನು ಬಹಳ ಹಿಂದೆಯೇ ಇಟ್ಟುಕೊಂಡಿತ್ತು. ಉಪನ್ಯಾಸಗಳು ಅಂಗೈಯಗಲದ ಪುಸ್ತಕಗಳಾಗಿ ಕೆಲವೇ ಕಾಸಿಗೆ ಸಿಗುತ್ತಿದ್ದವು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರ ಕಾಲದಲ್ಲಿ ಪ್ರಸಾರಾಂಗ ಈ ಕೆಲಸಕ್ಕೆ ಹೊಸ ಕಳೆ ತಂದಿತು. ಪರಮಾಣು, ಕ್ಷಯರೋಗ, ರಾಜ್ಯಾಂಗ ಯಾವುದೇ ಆಗಲಿ, ಅದು ಕನ್ನಡದಲ್ಲಿ ಹಳ್ಳಿಗೆ ಹೋಗಬೇಕು ಎಂಬ ಹಟ ಅದರ ಹಿಂದಿತ್ತು. ನಾನು ಬಿ.ಎಸ್‌ಸಿ. ಓದುವಾಗ ಹಳೆಯ ಪುಸ್ತಕದಂಗಡಿಯಲ್ಲಿ ಆ ಮಾಲೆಯ ಪುಸ್ತಕಗಳನ್ನು ಹೆಕ್ಕಿ ತಂದದ್ದುಂಟು.

ವಿಶ್ವವಿದ್ಯಾನಿಲಯಕ್ಕೂ ರಾಜ್ಯಾಂಗಕ್ಕೂ ನಮ್ಮಲ್ಲಿ ಇನ್ನೂ ಹಳೆಯ ನಂಟೊಂದಿದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಡನೆ ಮೊದಲು ಸೇರಿತು. ಬಂದವರು ಜಮೀನುದಾರರು, ವರ್ತಕರು. ಅಹವಾಲು ಹೇಳಬಹುದಿತ್ತು, ಅಷ್ಟೆ. ನಲವತ್ತು ವರ್ಷದ ಮೇಲೆ, 1922ರಲ್ಲಿ, ಇದನ್ನು ಸುಧಾರಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಯಾರು ಗೊತ್ತೆ? ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್. ಬಂಗಾಳದಿಂದ ಬಂದ ತತ್ತ್ವಶಾಸ್ತ್ರಜ್ಞರು. ಪ್ರಾಚೀನ ಭಾರತೀಯರ ಭೌತ, ರಸಾಯನ ವಿಚಾರಗಳ ಮೇಲೆ 1915ರಲ್ಲಿ ಗ್ರಂಥ ಬರೆದವರಾದ್ದರಿಂದ ನನ್ನಂಥ ವಿಜ್ಞಾನದ ಮೇಷ್ಟ್ರುಗಳಿಗೂ ಅವರ ಮೇಲೆ ಸ್ವಲ್ಪ ಹಕ್ಕುಂಟು. ಅವರ ವರದಿಯ ನಂತರ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ಬಂತು. ಹೊಸ ತೆರಿಗೆ ಹಾಕುವ ಮುಂಚೆ ಅದನ್ನು ವಿಚಾರಿಸಬೇಕಾಯಿತು. ಹೆಂಗಸರು ಎಂಬ ಕಾರಣಕ್ಕೇ ಮತದ ಹಕ್ಕಿಲ್ಲ ಎನ್ನುವ ನಿರ್ಬಂಧ ಹೋಯಿತು. ಆಸ್ತಿ, ಓದು ಇದ್ದವರಿಗಷ್ಟೇ ಮತ ಎಂಬುದು ಉಳಿಯಿತು, ನಿಜ. ಅಂದಿನ ಸಭೆಗೆ ಕೇಳುವ ಹಕ್ಕಿತ್ತು, ಕೊಡಿಸುವ ಶಕ್ತಿ ಇರಲಿಲ್ಲ. ಆದರೂ ಕೇಳುವ ಹಕ್ಕು ಸಣ್ಣದಲ್ಲ.

ಆ ಶಕ್ತಿಯನ್ನು ಹಳ್ಳಿಗೆ ಇಳಿಸಲು ಹೊರಟವರು ನಂಜನಗೂಡಿನಿಂದ ಆಚೆ ಹೋಗುವ ರಸ್ತೆಯಲ್ಲೇ ಸಿಗುವ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬೋರ್‌ವೆಲ್ಲು ಕೊರೆಸಿ 'ನೀರ್ ಸಾಬ್' ಎನಿಸಿಕೊಂಡವರು. ರಾಮಕೃಷ್ಣ ಹೆಗಡೆ ಅವರ ಮಂತ್ರಿಮಂಡಲದಲ್ಲಿದ್ದು 1983ರ ಕಾಯಿದೆಗೆ ಬೆನ್ನೆಲುಬಾದರು. ಆ ಕಾಯಿದೆಯಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆ. 1988ರಲ್ಲಿ ನಜೀರ್ ಸಾಬರು ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿಯಿತು, ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ಇಂಥದ್ದು ಮತ್ತೆ ಆಗಬಾರದು ಎಂದೇ ಸಂವಿಧಾನದ 73ನೇ ತಿದ್ದುಪಡಿ. 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಹನ್ನೊಂದನೇ ಅನುಸೂಚಿಯಲ್ಲಿದೆ. ಚುನಾವಣೆ ನಡೆಸಲು ಪ್ರತ್ಯೇಕ ರಾಜ್ಯ ಆಯೋಗ, ಹಣ ಹಂಚಲು ಹಣಕಾಸು ಆಯೋಗ. ಹಳ್ಳಿ ಎಂದರೆ ಸಂಕುಚಿತ ಮನಸ್ಸಿನ, ಕೋಮುಭಾವನೆಯ ಕೊಂಪೆ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ 1948ರಲ್ಲಿ ಎಚ್ಚರಿಸಿದ್ದರಲ್ಲ, ಅದಕ್ಕೆ ತಡವಾಗಿ ಬಂದ ಉತ್ತರದಂತೆ ಪರಿಶಿಷ್ಟರಿಗೂ ಹೆಂಗಸರಿಗೂ ಸ್ಥಾನ ಮಾತ್ರವಲ್ಲ, ಅಧ್ಯಕ್ಷ ಪದವಿಯಲ್ಲೂ ಮೀಸಲಾತಿ ಬಂತು. ಕರ್ನಾಟಕ 2010ರಲ್ಲಿ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ನನ್ನ ವಿದ್ಯಾರ್ಥಿನಿ ಪಂಚಾಯಿತಿಯ ಕುರ್ಚಿಯಲ್ಲಿ ಕೂತದ್ದು ಇಷ್ಟೆಲ್ಲ ಆದ ಮೇಲೆ.

ಅದೇ ತಿದ್ದುಪಡಿಯ 243-ಇ ವಿಧಿ ಇನ್ನೊಂದು ಮಾತು ಹೇಳುತ್ತದೆ. ಪಂಚಾಯಿತಿಯ ಆಯುಸ್ಸು ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಅದು ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು. ನಗರಪಾಲಿಕೆಗಳಿಗೆ ಇರುವ ಇಂಥದೇ ವಿಧಿಯನ್ನು 2006ರಲ್ಲಿ, ಅಹಮದಾಬಾದಿನ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪರಿಶೀಲಿಸಿ, ಸಾಮಾನ್ಯ ಕಾರಣಗಳಿಗೆ ಇದನ್ನು ಮೀರುವಂತಿಲ್ಲ ಎಂದಿತು.

ಈಗ ನಮ್ಮ ರಾಜ್ಯದ ಲೆಕ್ಕ ನೋಡಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆಯಾಯಿತು. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕಾಯಿದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಕ್ಷೇತ್ರ ಗೆರೆ ಎಳೆಯುವುದು, ಮೀಸಲಾತಿ ಪಟ್ಟಿ, ಆಕ್ಷೇಪಣೆ ಎಂದು 2022, 2023, 2024 ಕಳೆದವು. ನಡುವೆ ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು. ಖಾಲಿ ಕುರ್ಚಿ ಮಾತ್ರ ಬದಲಾಗಲಿಲ್ಲ. ಆದ್ದರಿಂದ ನಾನು ಯಾವ ಪಕ್ಷದ ಮೇಲೂ ಬೆರಳು ತೋರಿಸಲಾರೆ. ತೋರಿಸಬೇಕೆಂದರೆ ಒಂದು ಕೈಯ ಬೆರಳು ಸಾಲದು.

ಇದರಿಂದ ಏನು ನಷ್ಟ, ಅಧಿಕಾರಿಗಳು ಕೆಲಸ ಮಾಡುತ್ತಿದ್ದಾರಲ್ಲ ಎನ್ನುವವರಿದ್ದಾರೆ. ಕಬಿನಿ ಬಲದಂಡೆ ನಾಲೆಯ ನೀರು ನಂಜನಗೂಡು ಹಾದು ನಮ್ಮ ಕಡೆಗೆ ಬರುತ್ತದೆ. ನಾಲೆಯ ಕೊನೆಭಾಗದ ರೈತನನ್ನು ಕೇಳಿ. ಜಲಾಶಯ ತುಂಬಿದೆ ಎಂದು ಪತ್ರಿಕೆಯಲ್ಲಿ ಬರುತ್ತದೆ, ಅವನ ಗದ್ದೆಗೆ ಬರುವುದಿಲ್ಲ. ನಡುವಿನ ತೂಬಿನ ಹತ್ತಿರ ಅವನ ಪರವಾಗಿ ನಿಲ್ಲುವವರು ಇಲ್ಲದಿದ್ದರೆ ಹಾಗೆಯೇ. ಗ್ರಾಮ ಪಂಚಾಯಿತಿಯಲ್ಲಿ ನಾನೂರು ಜನಕ್ಕೊಬ್ಬರಂತೆ ಸದಸ್ಯರು, ಮೇಲೆ ಬೆಂಗಳೂರಿನಲ್ಲಿ ಶಾಸಕರು. ನಡುವಿನ ಎರಡು ಮಜಲಿನಲ್ಲಿ 2025ರ ಆ ಜನವರಿಯಲ್ಲಿ ಜನ ಆರಿಸಿದ ಒಬ್ಬರೂ ಇರಲಿಲ್ಲ. ಶಾಲೆಯ ಸೂರು, ಆಸ್ಪತ್ರೆಯ ದಾದಿ, ಹಾಸ್ಟೆಲಿನ ಅನ್ನ, ಇವೆಲ್ಲದರ ಕಡತ ಹೋಗುವುದು ಆ ನಡುವಿನ ಕಚೇರಿಗಳಿಗೇ. ಅಧಿಕಾರಿ ಒಳ್ಳೆಯವರಿದ್ದರೆ ಕೆಲಸ ಆಗುತ್ತದೆ. ಆದರೆ ಅವರನ್ನು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರಿಸುವ ಉಪಾಯ ನಮ್ಮಲ್ಲಿಲ್ಲ. ಒಳ್ಳೆಯತನವನ್ನೇ ನಂಬಿ ಕೂರುವುದಾದರೆ ಸಂವಿಧಾನ ಏಕೆ ಬೇಕಿತ್ತು?

ಇದನ್ನೆಲ್ಲ ಹೇಳಬೇಕಾದವರು ನನಗಿಂತ ತಿಳಿದವರು, ಅಂದು ಆ ಸಭಾಂಗಣದ ವೇದಿಕೆಯ ಮೇಲಿದ್ದವರು. ಅವರ ಮೇಲೆ ನನಗೆ ಗೌರವ ಇರುವುದರಿಂದಲೇ ಎರಡು ಮಾತು. ಮೊದಲನೆಯದು, ವಿಕೇಂದ್ರೀಕರಣದ ಉಪನ್ಯಾಸ ತಾನೂ ಸ್ವಲ್ಪ ವಿಕೇಂದ್ರೀಕರಣಗೊಳ್ಳಲಿ. ಮೈಸೂರಿನಿಂದ ತಿ. ನರಸೀಪುರಕ್ಕೆ ಸುಮಾರು 30 ಕಿಲೋಮೀಟರು, ನಂಜನಗೂಡಿಗೆ ಇನ್ನೂ ಕಡಿಮೆ. ಜನ ವಿದ್ವಾಂಸರಲ್ಲಿಗೆ ಹೋಗುವುದಕ್ಕೆ ಇರುವ ಬಸ್ಸೇ ವಿದ್ವಾಂಸರು ಜನರಲ್ಲಿಗೆ ಬರುವುದಕ್ಕೂ ಇದೆ. ಎರಡನೆಯದು, ಸನ್ಮಾನ ಬಿಟ್ಟರೂ ಪ್ರಶ್ನೋತ್ತರ ಬಿಡಬೇಡಿ. ಪ್ರಯೋಗಶಾಲೆಯಲ್ಲಿ ನಾನು ಸೂತ್ರ ಬರೆದು ಕೈತೊಳೆದುಕೊಂಡರೆ ಅದು ಪಾಠವಾಗುವುದಿಲ್ಲ. ಹುಡುಗ ಪ್ರಣಾಳ ಹಿಡಿದು, ಸೂತ್ರದಂತೆ ಏಕೆ ಆಗಲಿಲ್ಲ ಎಂದು ಕೇಳಿದಾಗಲೇ ಪಾಠ ಶುರು. 243-ಇ ಒಂದು ಸೂತ್ರ. ಅದು ನಮ್ಮ ತಾಲ್ಲೂಕಿನಲ್ಲಿ ಏಕೆ ಹೊಂದಲಿಲ್ಲ ಎಂದು ಕೇಳಿದವಳ ಕೈ ಸೆರಗಿನೊಳಗೇ ಉಳಿದರೆ, ಉಪನ್ಯಾಸ ಎಷ್ಟು ಚೆನ್ನಾಗಿದ್ದರೂ ಅರ್ಧವೇ.

ಮರುವಾರ ಅವಳು ಶಾಲೆಗೆ ಬಂದಳು. ಸಂವಿಧಾನದ ಕನ್ನಡ ಪ್ರತಿ ತೆಗೆದು ಆ ವಿಧಿಯನ್ನು ತೋರಿಸಿದೆ. ನಿಧಾನವಾಗಿ, ಬೆರಳಿಟ್ಟು, ಎರಡು ಸಲ ಓದಿದಳು. ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ ಎಂದಳು. ಬರೆದು ಮುಗಿಸಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು.

'ಮುಂದಿನ ಗ್ರಾಮಸಭೆಗೆ ತಾಲ್ಲೂಕಿನಿಂದ ಯಾರಾದರೂ ಬರ್ತಾರೆ ಸಾ. ಅಲ್ಲಿ ಟೈಮ್ ಇರುತ್ತೆ.'